ಪಿಸ್ತೂಲಿಗೆ ಹಚ್ಚಿದ ಕುಂಕುಮ

ಈ ಸಲ ದಸರೆಯ ಖಂಡೇಪೂಜೆಯ ದಿನ ಬಸವಕಲ್ಯಾಣದ ನಮ್ಮ ಮನೆಯಲ್ಲಿ ಹೆಂಡತಿ ಸ್ಕೂಟರಿಗೆ ಕುಂಕುಮ ಹಚ್ಚುತ್ತಿದ್ದಳು. ಬೆರಳು ಬೀಗದ ತೂತಿನ ಹತ್ತಿರ ಹೋದದ್ದೇ ತಡ, "ಅಲ್ಲಿ ಬ್ಯಾಡ!" ಎಂದು ಚೀರಿದೆ. ಸ್ಕೂಟರ್ ಒರೆಸಲು ಎಂದೂ ಬಟ್ಟೆ ಹಿಡಿಯದ ಗಂಡಸಿಗೆ ಇಷ್ಟು ಕಾಳಜಿ ಎಲ್ಲಿಂದ ಬಂತೆಂದು ಅವಳು ನನ್ನ ಮುಖ ನೋಡಿದಳು. ನಿಮಗಾದರೂ ಹೇಳುತ್ತೇನೆ.

ಹುಮನಾಬಾದಿನಲ್ಲಿದ್ದ ನಮ್ಮ ಕಾಕಾ ಫೌಜಿನಿಂದ ನಿವೃತ್ತರಾಗಿ ಕಾರ್ಖಾನೆಯೊಂದರ ಕಾವಲಿಗಿದ್ದರು. ಸೊಂಟಕ್ಕೆ ಸ್ವಂತ ಲೈಸೆನ್ಸಿನ ಪಿಸ್ತೂಲು. ವರ್ಷಕ್ಕೊಮ್ಮೆ ಸಾಹೇಬರ ಎದುರು ಗುಂಡು ಹಾರಿಸಿ ತೋರಿಸಬೇಕು. ಎಡವಿದರೆ ಪಿಸ್ತೂಲು ಮನೆಗೆ, ಕೈಗೆ ಬರೀ ಲಾಠಿ. ಅದರ ಮೇಲೆ ಅವರಿಗೆಷ್ಟು ಅಭಿಮಾನವೆಂದರೆ, ಊಟಕ್ಕೆ ಕೂತರೂ ಕಾಣುವಂತೆ ಅಂಗಿ ತುಸು ಸರಿಸಿಕೊಂಡೇ ಕೂಡುತ್ತಿದ್ದರು.

ಒಂದು ವರ್ಷ ದಸರೆ ಮುಗಿದ ವಾರಕ್ಕೇ ಪರೀಕ್ಷೆ ಬಂತು. ನನ್ನ ಬೈಕಿನಲ್ಲೇ ಕರೆದೊಯ್ದಿದ್ದೆ. ಮೊದಲ ಗುಂಡು ಹಾರಿತು. ಎರಡನೆಯದು ಸರಿಯಾಗಿ ಮೇಲೇರದೆ ಸಿಕ್ಕಿಕೊಂಡಿತು. ಕಾಕಾ ಪಿಸ್ತೂಲಿನ ಮೇಲ್ಭಾಗದ ಸ್ಲೈಡ್ ಎಳೆದು ಬಿಡಿಸಿದರು; ಮತ್ತೆ ಅದೇ ಗತಿ. ಗುಂಡು ಮುಗಿದ ಮೇಲೆ ಹಿಂದೆಯೇ ನಿಲ್ಲಬೇಕಾದ ಸ್ಲೈಡ್ ಕೂಡ ನಿಲ್ಲದೆ ಮುಂದಕ್ಕೆ ಬಂದು ಕೂತಿತು.

ಕಾಕಾ ಹಿಡಿಯೊಳಗಿನ ಮ್ಯಾಗಜಿನ್ ಹೊರತೆಗೆದು, ಗುಂಡುಗಳನ್ನು ಮೇಲೆ ದೂಡುವ ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿದರು. ಒತ್ತಿದ್ದು ಒಳಗೇ ಉಳಿಯಿತು. ತಳ ಬಿಚ್ಚಿದರೆ ಕೆಂಪು ಅಂಟು: ಕುಸುಬಿ ಎಣ್ಣೆಯಲ್ಲಿ ಕಲಸಿದ ಕುಂಕುಮ! ಖಾಲಿ ಮಾಡಿ ದೇವರ ಮುಂದಿಟ್ಟಿದ್ದ ಪಿಸ್ತೂಲಿಗೆ ಅವರ ಹೆಂಡತಿ, ನಮ್ಮ ಕಾಕು, ಧಾರಾಳವಾಗಿ ಪೂಜೆ ಮಾಡಿದ್ದಳು, ಮ್ಯಾಗಜಿನ್ನಿನ ಬಾಯನ್ನೂ ಬಿಟ್ಟಿರಲಿಲ್ಲ. ಗಂಡ ಕ್ಷೇಮವಾಗಿರಲಿ ಎಂಬುದೊಂದೇ ಆಸೆ. ಮರುದಿನ ಕಾಕಾ ಹೊರಗಷ್ಟೇ ಒರೆಸಿಕೊಂಡಿದ್ದರು.

"ಏನಾಗ್ಯಾದ?" ಎಂದರು ಸಾಹೇಬರು.

"ಸಾಫ್ ಮಾಡೂದು ಮರ್ತಿದ್ದೆರಿ. ಗಲತಿ ನಂದೇ."

ಫೌಜಿನವನಿಗೆ ಆ ಮಾತು ಆಡುವುದೆಂದರೆ ಎಂಥ ಸಂಕಟವೋ. ಮನೆಗೆ ಬರುವ ದಾರಿಯಲ್ಲಿ ಕಾಕಾ, "ಮನ್ಯಾಗ ಸ್ಪ್ರಿಂಗ್ ಹಳೇದಾಗಿತ್ತು ಅಂತ ಹೇಳ್ತೀನಿ. ನೀ ಬಾಯಿ ಬಿಡಬ್ಯಾಡ" ಎಂದರು. ಮರುದಿನದಿಂದ ಲಾಠಿ ಹಿಡಿದರು. ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲದ ನಾನು ಇದೊಂದನ್ನು ಹೇಗೋ ಇಟ್ಟುಕೊಂಡೆ.

ಕಾಕಾ ಈಗಿಲ್ಲ. ಮೊನ್ನೆ ಬನ್ನಿ ಕೊಡಲು ಕಾಕುವಿನ ಮನೆಗೆ ಹೋದವನು ಸ್ಕೂಟರಿನ ಕಥೆ ಹೇಳುತ್ತ ಬಾಯಿ ಬಿಟ್ಟೇಬಿಟ್ಟೆ. ಕಾಕು ಬನ್ನಿಯನ್ನು ಕಣ್ಣಿಗೊತ್ತಿಕೊಂಡಳು.

"ನನಗ ಅವತ್ತೇ ಗೊತ್ತಾಗಿತ್ತಪಾ. ಅವರ ಅಂಗಿ ತೋಳಿಗೆ ಅದೇ ಎಣ್ಣಿ ಕುಂಕುಮ ಹತ್ತಿತ್ತು. ಒಗದಾಕಿ ನಾನೇ ಅಲ್ಲೇನು?"

"ಮತ್ತ ಯಾಕ ಕೇಳಲಿಲ್ಲ?"

"ಕೇಳಿದ್ರ ಅವರು ಇನ್ನೊಂದು ಸುಳ್ಳು ಹೇಳಬೇಕಾಗ್ತಿತ್ತು. ಒಂದು ಹೇಳೂದ್ರಾಗೇ ಅವರ ಮಾರಿ ನೋಡಾಕ ಆಗಿರಲಿಲ್ಲ."