ಸೋತವರು ಅಂಗಳ ಗುಡಿಸಬೇಕು

ಶ್ರೀನಿವಾಸಮೂರ್ತಿಗಳಿಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಗಿದ್ದು ೧೯೯೭ರಲ್ಲಿ, ಐವತ್ತೊಂದು ತುಂಬಿದ ತಿಂಗಳಲ್ಲಿ. ತೂಕ ತೊಂಬತ್ತೆಂಟು ಕಿಲೋ. ವಿಮಾ ಕಚೇರಿಯ ಕುರ್ಚಿಯಲ್ಲಿ ಇಪ್ಪತ್ತೇಳು ವರ್ಷ ಕೂತ ಮನುಷ್ಯ. ಸಂಜೆ ಇಂದಿರಾನಗರದ ನೌಕರರ ಕಾಲೊನಿಗೆ ಬಂದು ಮತ್ತೆ ಕೂರುವುದನ್ನೇ ವಿಶ್ರಾಂತಿ ಎಂದುಕೊಂಡಿದ್ದರು. “ಹೀಗೇ ಕೂತಿದ್ರೆ ಒಂದಿನ ಕಾಲು ತೆಗೀಬೇಕಾಗತ್ತೆ. ದಿನಾ ಮೈ ಬೆವರಬೇಕು,” ಎಂದರು ಡಾಕ್ಟರು. ಮೂರ್ತಿಗಳ ತಂದೆ ಇದೇ ಕಾಯಿಲೆಯಲ್ಲಿ ಒಂದು ಕಾಲು ಕಳೆದುಕೊಂಡು, ವರ್ಷದೊಳಗೆ ತೀರಿಕೊಂಡವರು. ಹಾಗಾಗಿ ಮಾತು ಎದೆಗೆ ನಾಟಿತು.

ನಾಟಿದ್ದೇನೋ ನಿಜ. ಆದರೆ ಬರೀ ಹೆದರಿಕೆಯಿಂದ ಯಾರ ಮೈಯೂ ಬಹಳ ದಿನ ಬಗ್ಗುವುದಿಲ್ಲ. ಹಲಸೂರು ಕೆರೆಯ ಸುತ್ತ ಎರಡು ದಿನ ನಡೆದರು. ಮೂರನೆಯ ದಿನ ಅರ್ಧ ಸುತ್ತಿಗೇ ಹೋಟೆಲಿಗೆ ನುಗ್ಗಿ ಇಡ್ಲಿ ವಡೆ ತಿಂದು ಆಟೋದಲ್ಲಿ ಮನೆಗೆ ಬಂದರು. ಅಂಗಿಯ ಮೇಲಿನ ಸಾಂಬಾರ್ ಕಲೆ ನೋಡಿ ಹೆಂಡತಿ ಸೀತಮ್ಮ ತಲೆ ಚಚ್ಚಿಕೊಂಡರು. ಅಳಿಯ ಮನೆಯಲ್ಲೇ ತುಳಿಯುವ ಸೈಕಲ್ ತಂದುಕೊಟ್ಟ. ಅದರ ಮೇಲೆ ಟವೆಲ್ ಒಣಗತೊಡಗಿತು. ಯೋಗದ ಕ್ಲಾಸಿನಲ್ಲಿ ಶವಾಸನ ಒಂದನ್ನು ಮಾತ್ರ ಗೊರಕೆಯ ಸಮೇತ ಚೆನ್ನಾಗಿ ಮಾಡಿದರು.

ಅವರನ್ನು ಎಬ್ಬಿಸಿದವರು ಎದುರು ಬ್ಲಾಕಿನ ರಾಮಾಂಜಿನಪ್ಪನವರು. ಅದೇ ಕಚೇರಿಯ ಟಪಾಲು ವಿಭಾಗದವರು, ಕೆ.ಆರ್. ಪುರದ ಕಡೆಯವರು, ಸಣಕಲು ಆಳು. ಎರಡು ಬ್ಲಾಕುಗಳ ನಡುವಿನ ಅಂಗಳದಲ್ಲಿ ನೆಟ್ ಕಟ್ಟಿತ್ತು. ರಬ್ಬರ್ ರಿಂಗನ್ನು ನೆಟ್ಟಿನ ಆಚೆ ಎಸೆದು, ನೆಲಕ್ಕೆ ಬೀಳದಂತೆ ಒಂದೇ ಕೈಲಿ ಹಿಡಿಯುವ ಆಟ ಅಲ್ಲಿ ಸಂಜೆ ನಡೆಯುತ್ತಿತ್ತು, ಹೆಚ್ಚಾಗಿ ಹೆಂಗಸರದು. ಬೆಳಿಗ್ಗೆ ಅಂಗಳ ಖಾಲಿ. ಒಂದು ಭಾನುವಾರ ರಾಮಾಂಜಿನಪ್ಪ ಕೂಗಿದರು: “ಬನ್ನಿ ಮೂರ್ತಿಗಳೇ, ಓಡೋದೇನೂ ಬೇಡ. ನಿಂತಲ್ಲೇ ಹಿಡೀರಿ, ಸಾಕು.”

ಮೂರ್ತಿಗಳು ಇಪ್ಪತ್ತೊಂದು–ಎರಡಕ್ಕೆ ಸೋತರು. ಸೊಪ್ಪಿನವಳ ಹತ್ತಿರ ಚೌಕಾಸಿಯಲ್ಲೂ ಸೋಲಲು ಒಪ್ಪದ ಜಾತಿ ಅವರದು. ಮರುದಿನ ಆರು ಗಂಟೆಗೆ ತಾವೇ ಹೋಗಿ ರಾಮಾಂಜಿನಪ್ಪನವರ ಬಾಗಿಲು ಬಡಿದರು! ಇವರಿಗೆ ನಡಿಗೆ ಬೇಸರ, ಸೋಲು ಅದಕ್ಕಿಂತ ಬೇಸರ ಎಂಬುದನ್ನು ಡಾಕ್ಟರು ಹಿಡಿಯಲಿಲ್ಲ, ಟಪಾಲಿನವರು ಹಿಡಿದರು. ಹಿಡಿದವರು ಒಂದು ಕಾನೂನನ್ನೂ ಮಾಡಿದರು. ಸೋತವರು ಮರುದಿನ ಅಂಗಳ ಗುಡಿಸಿ, ಸುಣ್ಣದಪುಡಿಯಲ್ಲಿ ಗೆರೆ ಹಾಕಬೇಕು. ಸೋಲುವವರು ಯಾರೆಂದು ಗೊತ್ತಿದ್ದೇ ಮಾಡಿದ ಕಾನೂನು ಅದು.

ಒಂದು ವರ್ಷಕ್ಕೂ ಮೇಲೆ ಮೂರ್ತಿಗಳೇ ಗುಡಿಸಿದರು. ಕುಡಿದ ಕಾಫಿ ಲೋಟ ಎತ್ತಿಡದ ಗಂಡ ತೆಂಗಿನ ಪೊರಕೆ ಹಿಡಿದಿರುವುದನ್ನು ಸೀತಮ್ಮ ಬಾಲ್ಕನಿಯಿಂದ ಕಣ್ತುಂಬ ನೋಡಿದರು. ತೂಕ ಎಂಬತ್ತಾರಕ್ಕಿಳಿಯಿತು, ಸಕ್ಕರೆ ಹತೋಟಿಗೆ ಬಂತು. ಆದರೆ ಅವರು ಹೋಗುತ್ತಿದ್ದುದು ಸಕ್ಕರೆಗಾಗಿ ಅಲ್ಲ. ಆ ಮುಕ್ಕಾಲು ಗಂಟೆ ಅವರು ಖುಷಿಯಾಗಿರುತ್ತಿದ್ದರು, ಅಷ್ಟೇ.

೧೯೯೯ರ ಜನವರಿಯಲ್ಲಿ ಮೂರ್ತಿಗಳು ಮೊದಲ ಸಲ ಗೆದ್ದರು. ಕೊನೆಯ ರಿಂಗು ರಾಮಾಂಜಿನಪ್ಪನವರ ಕೈಗೆ ಬಂದು ಜಾರಿ ಬಿತ್ತು. ಮೂರ್ತಿಗಳು ಮನೆಯವರೆಗೂ ಶಿಳ್ಳೆ ಹಾಕುತ್ತ ಹೋದರು. ಮರುದಿನವೂ ಗೆದ್ದರು, ಆಮೇಲೆ ದಿನವೂ. ಕಚೇರಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಸ್ಕೋರು ಹೇಳಿದರು. ಅಲ್ಲಿ ಯಾರೋ, “ಸ್ನೇಹಕ್ಕೆ ಬಿಟ್ಟುಕೊಡ್ತಿದ್ದಾರೆ ಕಣ್ರೀ,” ಎಂದುಬಿಟ್ಟರು. ಮೂರ್ತಿಗಳಿಗೆ ಉರಿದುಹೋಯಿತು. ಬೆಳಿಗ್ಗೆ ನೆಟ್ಟಿನ ಪಕ್ಕದಲ್ಲೇ ಕೇಳಿದರು: “ನಿಜ ಹೇಳ್ರಿ, ಬೇಕೂಂತಲೇ ಸೋಲ್ತಿದ್ದೀರಾ?”

“ಇಲ್ಲ ಸ್ವಾಮಿ. ನಿಜವಾಗ್ಲೂ ಸೋಲ್ತಿದ್ದೀನಿ,” ಎಂದರು ರಾಮಾಂಜಿನಪ್ಪ.

ಮೂರ್ತಿಗಳಿಗೆ ಅಷ್ಟು ಸಾಕಿತ್ತು. ಕಾನೂನಿನ ಪ್ರಕಾರ ಈಗ ರಾಮಾಂಜಿನಪ್ಪ ಗುಡಿಸುತ್ತಿದ್ದರು, ಮೂರ್ತಿಗಳು ಕಲ್ಲುಬೆಂಚಿನ ಮೇಲೆ ಪೇಪರ್ ಹಿಡಿದು ನೋಡುತ್ತಿದ್ದರು. ಒಂದು ದಿನ ಪೊರಕೆ ಎರಡೆರಡು ಸಲ ಕೈಜಾರಿ ಬಿತ್ತು. “ಏನ್ರೀ ಚಾಂಪಿಯನ್, ಪೊರಕೆ ಹಿಡಿಯಕ್ಕೂ ಬರಲ್ವಾ?” ಎಂದು ಮೂರ್ತಿಗಳು ಕೂಗಿದರು. ನಲ್ಲಿಯ ಹತ್ತಿರ ನೀರು ಹಿಡಿಯುತ್ತಿದ್ದ ಹೆಂಗಸರು ನಕ್ಕರು. ರಾಮಾಂಜಿನಪ್ಪನೂ ನಕ್ಕು, ಪೊರಕೆಯನ್ನು ಎಡಗೈಗೆ ತೆಗೆದುಕೊಂಡು ಗುಡಿಸಿ ಮುಗಿಸಿದರು. ಆ ಮಾತನ್ನು ನಾಲಿಗೆಯಿಂದ ಕಿತ್ತು ತೆಗೆಯುವಂತಿದ್ದರೆ ಮೂರ್ತಿಗಳು ಆಮೇಲೆ ಏನನ್ನಾದರೂ ಕೊಡಲು ತಯಾರಿದ್ದರು.

ಮೇ ತಿಂಗಳ ಒಂದು ಬೆಳಿಗ್ಗೆ ರಾಮಾಂಜಿನಪ್ಪ ಅಂಗಳಕ್ಕೆ ಬರಲಿಲ್ಲ. ಕರೆಯಲು ಹೋದ ಮೂರ್ತಿಗಳ ಮುಂದೆ ಅವರ ಹೆಂಡತಿ ಅಳುತ್ತ ನಿಂತರು. “ಮೂರು ತಿಂಗಳಿಂದ ಶರ್ಟಿನ ಗುಂಡಿ ನಾನೇ ಹಾಕ್ತಿದೀನಿ ಸಾರ್. ಬೆರಳಲ್ಲಿ ಶಕ್ತೀನೇ ಇಲ್ಲ. ಆಸ್ಪತ್ರೆಗೆ ಹೋಗೋಣಾಂದ್ರೆ, ಬೆಳಿಗ್ಗೆ ಆಟ ಇದೆ ಅಂತಾರೆ.”

ಮೂರ್ತಿಗಳೇ ಆಸ್ಪತ್ರೆಗೆ ಕರೆದುಕೊಂಡು ಹೋದರು. ನರಗಳು ಸೊರಗುವ ಕಾಯಿಲೆ, ಮದ್ದಿಲ್ಲ, ಹೆಚ್ಚೆಂದರೆ ಎರಡು ವರ್ಷ ಎಂದರು ಅಲ್ಲಿ. ಮೊದಲೇ ಬಂದಿದ್ದರೂ ವಾಸಿಯಾಗುತ್ತಿರಲಿಲ್ಲ ಎಂದೂ ಹೇಳಿದರು. ಮೂರ್ತಿಗಳಿಗೆ ಅದರಿಂದ ಒಂದಿಷ್ಟೂ ಸಮಾಧಾನವಾಗಲಿಲ್ಲ. ತಮ್ಮ ಒಂದೊಂದು ಗೆಲುವೂ ಗೆಳೆಯನ ಕೈ ಬತ್ತಿದ್ದರಿಂದ ಬಂದಿತ್ತು, ತಾವು ಅದನ್ನು ಊರಿಗೆಲ್ಲ ಸಾರಿದ್ದರು.

“ಯಾವಾಗ ಗೊತ್ತಾಯ್ತು ನಿಮಗೆ?” ಎಂದು ಕೇಳಿದರು, ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ.

“ನೀವು ಮೊದಲ್ನೇ ಸಲ ಗೆದ್ದ ದಿನವೇ.”

“ಅವತ್ತೇ ಹೇಳಬಾರ್ದಾಗಿತ್ತೇನ್ರೀ?”

“ಹೇಳಿದ್ರೆ ಮಾರನೇ ದಿನ ನೀವು ಆಡಕ್ಕೆ ಬರ್ತಿದ್ರಾ?”

ಮೂರ್ತಿಗಳು ಬರುತ್ತಿರಲಿಲ್ಲ. ಅಯ್ಯೋ ಪಾಪ ಎಂದು ಲೊಚಗುಟ್ಟಿ, ಮನೆಗೆ ಹೋಗಿ, ಕುರ್ಚಿಯಲ್ಲಿ ಕೂತುಬಿಡುತ್ತಿದ್ದರು. ಅದು ಇಬ್ಬರಿಗೂ ಗೊತ್ತಿತ್ತು.

“ನಾಳೆ ಬೆಳಿಗ್ಗೆ ತಪ್ಪಿಸ್ಬೇಡಿ. ಯಾರ ಜೊತೆಗಾದ್ರೂ ಆಡಿ,” ಎಂದರು ರಾಮಾಂಜಿನಪ್ಪ.

ಮೂರ್ತಿಗಳು ತಪ್ಪಿಸಲಿಲ್ಲ. ಜೊತೆಗೆ ಯಾರೂ ಸಿಗದೆ ಸೀತಮ್ಮನನ್ನೇ ಇಳಿಸಿಕೊಂಡು ಬಂದರು. ಆಕೆ ಸೆರಗು ಸಿಕ್ಕಿಸಿಕೊಂಡು, ಕ್ಯಾನ್ವಾಸ್ ಷೂ ಹಾಕಿಕೊಂಡು, ವಾರದಲ್ಲಿ ನಾಲ್ಕು ದಿನ ಗಂಡನನ್ನು ಸೋಲಿಸಿದರು. ಕೆಲಸ ಬಿಟ್ಟ ರಾಮಾಂಜಿನಪ್ಪ ಕಾಲೊನಿಯ ಮನೆ ಖಾಲಿ ಮಾಡಿ ಕೆ.ಆರ್. ಪುರದ ತಮ್ಮ ಹಳೆಯ ಮನೆಗೆ ಹೋಗಿದ್ದರು. ಪ್ರತಿ ಭಾನುವಾರ ಮೂರ್ತಿಗಳು ಬಸ್ಸು ಹತ್ತಿ ಅಲ್ಲಿಗೆ ಹೋಗಿ ಆಟದ ವರದಿ ಒಪ್ಪಿಸುತ್ತಿದ್ದರು. ಮೊದಮೊದಲು ರಾಮಾಂಜಿನಪ್ಪ ಕೀಟಲೆ ಮಾಡುತ್ತಿದ್ದರು. ಆಮೇಲೆ ಮಾತು ತೊದಲಿತು. ಕೊನೆಗೆ ಕಣ್ಣಿನಲ್ಲೇ ನಗುತ್ತಿದ್ದರು.

೨೦೦೧ರ ಆಗಸ್ಟಿನಲ್ಲಿ ಅವರು ತೀರಿಕೊಂಡರು. ಮಳೆ ಬಂದು ಗಲ್ಲಿಯೆಲ್ಲ ಕೆಸರಾಗಿತ್ತು, ವ್ಯಾನು ಒಳಗೆ ಬರುವಂತಿರಲಿಲ್ಲ. ಸ್ಮಶಾನದವರೆಗೂ ಹೊತ್ತೇ ಹೋಗಬೇಕಾಯಿತು. ಮೂರ್ತಿಗಳು ಚಟ್ಟಕ್ಕೆ ಹೆಗಲು ಕೊಡಲು ಮುಂದೆ ಬಂದಾಗ ರಾಮಾಂಜಿನಪ್ಪನವರ ತಮ್ಮ ತಡೆದ. “ನೀವು ಬೇಡ ಸಾರ್. ವಯಸ್ಸಾಗಿದೆ, ಆಗಲ್ಲ ನಿಮ್ಮ ಕೈಲಿ.” ಮೂರ್ತಿಗಳು ಕೇಳಲಿಲ್ಲ.

ದಾರಿಯಲ್ಲಿ ಎರಡು ಸಲ ಬೇರೆಯವರು ಹೆಗಲು ಬದಲಿಸಲು ಬಂದರು. ಎರಡು ಸಲವೂ ಬೇಡವೆಂದು ತಲೆಯಾಡಿಸಿದರು. ಸ್ಮಶಾನ ಮುಟ್ಟಿ ಚಟ್ಟ ಇಳಿಸಿದ ಮೇಲೆ ಆ ತಮ್ಮ ಹತ್ತಿರ ಬಂದು, “ಸುಸ್ತಾಯ್ತಾ ಸಾರ್?” ಎಂದು ಕೇಳಿದ. ಆಗಲೇ ಮೂರ್ತಿಗಳ ಗಮನಕ್ಕೆ ಬಂದದ್ದು. ಉಸಿರು ಏರಿರಲಿಲ್ಲ, ಕಾಲು ನಡುಗುತ್ತಿರಲಿಲ್ಲ. ಅಷ್ಟು ದೂರ ಹೊತ್ತು ಬಂದರೂ ಮೈಗೆ ಏನೇನೂ ಆಗಿರಲಿಲ್ಲ. “ಇಲ್ಲಪ್ಪ, ಸುಸ್ತಾಗಿಲ್ಲ,” ಎಂದವರೇ, ಆ ಮಾತನ್ನು ತಾಳಲಾರದೆ ಕೆಸರಿನಲ್ಲೇ ಕುಸಿದು ಕೂತು, ಎಲ್ಲರೆದುರು ಬಿಕ್ಕಿಬಿಕ್ಕಿ ಅತ್ತುಬಿಟ್ಟರು.