ಮೇಣ ಅಂದ್ರೆ ಯಾವ ಮೇಣ

ನನಗಾಗ ಅರವತ್ತೆಂಟು ವಯಸ್ಸು. ನಾಲ್ಕು ವರ್ಷದ ಹಿಂದಿನ ಮಾತು. ನಮ್ಮೂರು ಹೆಮ್ಮಿಗೇಲಿ ಆ ಸಲ ಚಳಿ ಜಾಸ್ತಿ, ಎಲ್ಲರ ತುಟಿಯೂ ಒಡೆದಿತ್ತು. ನಾನು ಬೆಣ್ಣೆ ಸವರಿಕೊಂಡು ಸುಮ್ಮನಿದ್ದೆ. ಸೊಸೆ ಸುಮ್ಮನಿರಲಿಲ್ಲ. ತುಟಿಗೆ ಹಚ್ಚೋ ಮುಲಾಮು ಮನೇಲೇ ಮಾಡಿ ಮಾರ್ತೀನಿ ಅಂತ ಹೊರಟಳು.

ಅವಳು ನಂಜನಗೂಡಿನ ಕಡೆ ಗಾರ್ಮೆಂಟ್ಸಿಗೆ ಹೋಗ್ತಿದ್ದಳು. ಕತ್ತಲಲ್ಲಿ ಹೋದರೆ ಕತ್ತಲಲ್ಲೇ ಬರೋದು. ನಿಂತು ನಿಂತು ಕಾಲು ಊದಿಕೊಳ್ತಿತ್ತು. ನರಸೀಪುರದ ಹೆಂಗಸರ ಸಂಘದವರು, ಮಾಡಿ ತಂದು ತೋರಿಸು, ಚೆನ್ನಾಗಿದ್ದರೆ ನಮ್ಮ ಅಂಗಡೀಲಿ ಇಡ್ತೀವಿ ಅಂದಿದ್ದರು. ಅವರು ಒಪ್ಪಿದರೆ ಕೆಲಸ ಬಿಡೋದು, ಇಲ್ಲದಿದ್ದರೆ ಮತ್ತೆ ಅದೇ ಗಾರ್ಮೆಂಟ್ಸ್ ವ್ಯಾನು ಹತ್ತೋದು. ಮುಲಾಮು ತುಂಬೋಕೆ ಅಂತ ಎಲೆ-ಅಡಿಕೆ ಸುಣ್ಣದ ಹೊಸ ಖಾಲಿ ಡಬ್ಬಿ ತಂದು ತೊಳೆದಿಟ್ಟಿದ್ದಳು.

ತೋರಿಸೋ ದಿನ ನಾಡಿದ್ದು ಅನ್ನೋವಾಗ, ವ್ಯಾನಿಗೆ ಓಡ್ತಾ ನನ್ನ ಗಂಡನಿಗೆ ಹೇಳಿದಳು: "ಮಾವ, ಇವತ್ತು ಸಂತೇಲಿ ಒಸಿ ಮೇಣ ತನ್ನಿ. ಕೊಬ್ರಿ ಎಣ್ಣೆ, ಬೀಟ್ರೂಟು ಎಲ್ಲಾ ಅದೆ."

ಅವಳು ಹೋದ ಮೇಲೆ ಇವರು, "ಮೇಣಕ್ಕೆ ಬಸ್ಸತ್ಬೇಕಾ? ಕೊಟ್ಟಿಗೇಲೇ ಅದೆ ಕಣೆ" ಅಂದರು. ನಮ್ಮಲ್ಲಿ ಮೇಣ ಅಂದರೆ ಹಲಸಿನದು. ಹಣ್ಣು ಕುಯ್ದಾಗ ಬರೋ ಅಂಟನ್ನ ಕಡ್ಡಿಗೆ ಸುತ್ತಿಟ್ಟು, ತೂತು ಬಿದ್ದ ಬಿಂದಿಗೆಗೆ ಮೆತ್ತೋದು. ನನಗೂ ಬೇರೆ ಮೇಣ ನೆನಪಾಗಲಿಲ್ಲ.

ಸಂಜೆ ಇವರೇ ಒಲೆ ಮುಂದೆ ಕೂತು, ಬಟ್ಟಲನ್ನ ಬಿಸಿನೀರಲ್ಲಿಟ್ಟು, ಎಣ್ಣೆಯಲ್ಲಿ ಆ ಮೇಣದ ಉಂಡೆ ಕಾಯಿಸಿದರು. ಎಣ್ಣೆ ಒಂದು ಕಡೆ, ಅಂಟು ಒಂದು ಕಡೆ.

"ಬೆರೀತಾನೇ ಇಲ್ಲ" ಅಂದೆ.

"ನಿಂಗೇನ್ ಗೊತ್ತು" ಅಂತ ಬೆರಳಲ್ಲಿ ತೆಗೆದು ತುಟಿಗೆ ಮೆತ್ತಿಕೊಂಡರು. ಆರಿದ್ದೇ ತಡ, ಬಾಯಿ ಬಿಡೋಕಾಗಲಿಲ್ಲ. ಮೀಸೆ ಬೇರೆ ಸಿಕ್ಕಿಕೊಂಡಿತ್ತು. ಮದುವೆಯಾದ ಮೇಲೆ ಆ ಮನುಷ್ಯ ಅಷ್ಟು ಹೊತ್ತು ಸುಮ್ಮನಿದ್ದದ್ದು ಅವತ್ತೇ.

ಸೊಸೆ ಬಂದಳು. "ಇದೇನತ್ತೆ, ಮಾವ ಮೌನವ್ರತವಾ?"

"ನೀ ಕೇಳಿದ್ ಮೇಣ ಕಣಮ್ಮಿ. ಅಲಸಿಂದು."

"ಅಯ್ಯೋ ಶಿವ್ನೆ! ನಾ ಕೇಳಿದ್ದು ಜೇನಿಂದು!"

ಬಿದ್ದೂ ಬಿದ್ದೂ ನಗ್ತಾ ಎಣ್ಣೆ ಹಚ್ಚಿ ಉಜ್ಜಿ ಬಿಡಿಸಿದಳು. ಬಿಡಿಸಿದ ಕೂಡಲೇ ಇವರು, "ಜೇನು ಅಂತ ಬಾಯ್ಬಿಟ್ ಯೋಳಕ್ಕೆ ಏನಾಗಿತ್ತು?" ಅಂತ ಅವಳ ಮೇಲೇ ಹಾಕಿದರು.

ಆಮೇಲೆ ಅವಳ ನಗು ನಿಂತಿತು. ಜೇನು ಮಾರೋರು ಸಂತೆ ದಿನ ಮಾತ್ರ ಬರೋದು. "ಕಳಲೇಲಿ ನಮ್ಮವ್ವನ ಅತ್ರ ಅದೆ, ಜೇನುಪೆಟ್ಟಿಗೆ ಮಡಗವ್ರೆ. ನಾಳೆ ನಂಗೆ ರಜಾ ಕೊಡಲ್ಲ" ಅಂದು ನನ್ನ ಮುಖ ನೋಡಿದಳು.

ಬೀಗಿತ್ತಿಗೂ ನನಗೂ ಮಾತಿರಲಿಲ್ಲ. ಮದುವೇಲಿ ನಮ್ಮ ಕಡೆಯವರನ್ನ ಎರಡನೇ ಪಂಕ್ತಿಗೆ ಕೂರಿಸಿದಳು ಅಂತ ಮಾತು ಬಿಟ್ಟವಳು ನಾನೇ. ಆದರೆ ಇವರನ್ನ ಕಳಿಸಿದರೆ ಇನ್ಯಾವ ಮೇಣ ಹೊತ್ತು ತರ್ತಾರೋ.

"ನಾನೇ ಓಯ್ತೀನಿ" ಅಂದೆ.

"ಜಗಳ ಆಡ್ಬೇಡಿ ಅತ್ತೆ."

"ಆಡಿದ್ರೂ ಈಸ್ಕೊಂಡೇ ಬತ್ತೀನಿ."

ಮಾರನೇ ಬೆಳಿಗ್ಗೆ ಮೊದಲ ಬಸ್ಸಿಗೆ ನರಸೀಪುರ, ಅಲ್ಲಿಂದ ನಂಜನಗೂಡು, ಅಲ್ಲಿಂದ ಕಳಲೆ. ಬೀಗಿತ್ತಿ ಜಗಲಿ ಮೇಲೆ ರಾಗಿ ಕೇರ್ತಿದ್ದಳು. ಬಾ ಅಂತ ಅವಳು ಅನ್ನೋಕೆ ಮೊದಲೇ ಹೋಗಿ ಪಕ್ಕದಲ್ಲಿ ಕೂತು, ಕಾಫಿ ಕೊಡಿ, ಆಮೇಲೆ ಜೇನುಮೇಣ ಕೊಡಿ ಅಂತ ಕೇಳಿದೆ. ಬೀಗಿತ್ತಿ ಮೊರ ಕೆಳಗಿಟ್ಟು ಒಳಗೆ ಹೋದಳು, ಬರುವಾಗ ಒಂದು ಕೈಲಿ ಕಾಫಿ, ಇನ್ನೊಂದು ಕೈಲಿ ಮೇಣದ ಉಂಡೆ.