ಅತ್ತೆ ಎಳೆದ ಸಣ್ಣ ಗೇರು

ನಮ್ಮ ಹಳೆಯ ಜೀಪಿನಲ್ಲಿ ದೊಡ್ಡ ಗೇರಿನ ಪಕ್ಕ ಇನ್ನೊಂದು ಸಣ್ಣ ಗೇರಿದೆ. ಸಾಗರ ಪೇಟೆಗೆ ಹೋಗಿ ಬರಲು ಅದನ್ನು ಯಾರೂ ಮುಟ್ಟುವುದಿಲ್ಲ. ಕೆಸರಿನ ಏರಿನಲ್ಲಿ ಹಿಂದಿನ ಚಕ್ರ ಸುಮ್ಮನೆ ಗಿರಗಿರ ತಿರುಗತೊಡಗಿದರೆ ಮಾತ್ರ ಅದಕ್ಕೆ ಕೆಲಸ. ಆಗ ಒಬ್ಬರು ಇಳಿದು ಮುಂದಿನ ಎರಡೂ ಚಕ್ರದ ಲಾಕ್ ತಿರುಗಿಸಬೇಕು, ಒಳಗಿದ್ದವರು ಸಣ್ಣ ಗೇರು ಹಿಂದಕ್ಕೆ ಎಳೆಯಬೇಕು. ಆಗ ಮುಂದಿನ ಚಕ್ರಗಳೂ ಜೀಪನ್ನು ಎಳೆಯುತ್ತವೆ. ನಮ್ಮನೆಯಲ್ಲಿ ಇಳಿಯುವುದು ನನ್ನ ಗಂಡ, ಎಳೆಯುವುದು ನಾನು. ಅವರು ಇಳಿದವರೇ ಮೊದಲು ಹಿಂದಿನ ಚಕ್ರಕ್ಕೆ ಒಂದು ಕಲ್ಲು ಕೊಡುತ್ತಾರೆ. ಹ್ಯಾಂಡ್‌ಬ್ರೇಕ್ ಕೆಟ್ಟು ಯಾವ ಕಾಲವಾಯಿತೋ. ಆದರೂ ಫಸ್ಟ್ ಗೇರಿನಲ್ಲಿ ಆಫ್ ಮಾಡಿದ ಜೀಪು ಎಲ್ಲಿಗೆ ಹೋಗುತ್ತದೆ, ಅದಕ್ಕೆ ಕಲ್ಲು ಬೇರೆ ಕೇಡು ಎಂದು ನಾನು ನಗುತ್ತಿದ್ದೆ.

ಈ ಸಲ ಶ್ರಾವಣದಲ್ಲಿ ಅವರು ಊರಲ್ಲಿರಲಿಲ್ಲ. ಲಿಂಗನಮಕ್ಕಿ ಹಿನ್ನೀರಿನ ದಂಡೆಯಲ್ಲಿ ಅತ್ತೆಯ ತಂಗಿಯ ಮನೆ. ಅಲ್ಲಿಗೆ ಅತ್ತೆಯನ್ನು ಕೂರಿಸಿಕೊಂಡು ನಾನೇ ಹೋಗಿದ್ದೆ. ವಾಪಸು ಬರುವಾಗ ಏರಿನ ನಡುವೆ ಚಕ್ರ ಜಾರಿ ಜೀಪು ನಿಂತೇಬಿಟ್ಟಿತು. ಫಸ್ಟ್ ಗೇರಿಗೆ ಹಾಕಿ, ಆಫ್ ಮಾಡಿ, ಇಳಿದೆ. ಕಲ್ಲು ಕೊಡಲಿಲ್ಲ. ಎರಡೂ ಲಾಕ್ ತಿರುಗಿಸಿ ಕೂಗಿದೆ.

"ಅತ್ತೆ, ಆ ಸಣ್ಣ ಗೇರು ಹಿಂದಕ್ಕೆ ಎಳೀರಿ, ಪೂರ್ತಿ!"

"ಬರ್ತಿಲ್ಲ ಕಣೆ!"

"ಎರಡೂ ಕೈಲಿ ಎಳೀರಿ!"

ಕಟಕ್ ಎಂದಿತು. ನನ್ನ ಕೈಯ ಕೆಳಗೇ ಚಕ್ರ ತಿರುಗಿತು. ಜೀಪು ನನ್ನನ್ನು ಬಿಟ್ಟು ಹಿಂದಕ್ಕೆ ಹೊರಟಿತು! ಸಣ್ಣ ಗೇರು ಹಿಂದೆ ಬರುವ ದಾರಿಯಲ್ಲಿ ನ್ಯೂಟ್ರಲ್ ಇದೆ, ಅಲ್ಲಿ ಸಿಕ್ಕಿಕೊಂಡರೆ ದೊಡ್ಡ ಗೇರು ಎಲ್ಲಿದ್ದರೂ ಚಕ್ರಕ್ಕೆ ಹಿಡಿತವಿಲ್ಲ ಎಂಬುದು ನನಗೆ ತಿಳಿದದ್ದು ಆ ಗಳಿಗೆಯಲ್ಲಿ. ಇಳಿಜಾರಿನ ಕೊನೆಯಲ್ಲಿ ಒಂದಿಷ್ಟು ಹುಲ್ಲು, ಆಮೇಲೆ ಬರೀ ನೀರು. ಅತ್ತೆಗೆ ಈಜು ಬರುವುದಿಲ್ಲ.

"ಹಾರಿ ಅತ್ತೆ! ಹಾರ್ರೀ!"

ಬಾಗಿಲಿಲ್ಲದ ಜೀಪು, ಹಾರುವುದು ಕಷ್ಟವಿರಲಿಲ್ಲ. ಅವರು ಹಾರಲಿಲ್ಲ. ಗೇರಿನ ಮೇಲೆ ಬಗ್ಗಿ ಎಳೆಯುತ್ತಲೇ ಇದ್ದರು. ನಾನು ಓಡಿದೆ, ಜಾರಿ ಬಿದ್ದೆ, ಎದ್ದು ಮತ್ತೆ ಓಡಿದೆ. ಕರಕರ ಎಂದು ಕಬ್ಬಿಣ ಅರೆದ ಸದ್ದು ಬಂತು. ಸಣ್ಣ ಗೇರು ಪೂರ್ತಿ ಹಿಂದೆ ಬಂದು ಬಿದ್ದಿತ್ತು. ಚಕ್ರಕ್ಕೆ ಮತ್ತೆ ಹಿಡಿತ ಸಿಕ್ಕಿ ಜೀಪು ಒಮ್ಮೆ ಕುಪ್ಪಳಿಸಿ ಹುಲ್ಲಿನಲ್ಲೇ ನಿಂತಿತು.

ನಾನು ಹೋಗಿ ಮೊದಲು ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟೆ. ಒಂದು ಕಲ್ಲು ನನ್ನ ಕಾಲ ಮೇಲೇ ಬಿತ್ತು, ನೋವೂ ತಿಳಿಯಲಿಲ್ಲ. ಅತ್ತೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು.

"ನಾನು ಕೂಗಿದ್ದು ಕೇಳ್ಲಿಲ್ವಾ?"

"ಕೇಳ್ತು. ನಾ ಹಾರಿದ್ರೆ ಜೀಪು ನೀರಿಗೆ ಹೋಗ್ತಿತ್ತಲ್ಲ ಮಾರಾಯ್ತಿ. ಅವನು ಬಂದು ಜೀಪು ಎಲ್ಲಿ ಅಂತ ಕೇಳಿದ್ರೆ ನೀ ಎಂತ ಹೇಳ್ತಿದ್ದೆ?"

ಮದುವೆಯಾಗಿ ಬಂದಾಗಿನಿಂದ ಅತ್ತೆಯ ಎದುರು ದನಿ ಎತ್ತಿದವಳಲ್ಲ. ಅವತ್ತು ಕಿರುಚಿದೆ.

"ಅಮ್ಮ ಎಲ್ಲಿ ಅಂತ ಕೇಳಿದ್ರೆ ಎಂತ ಹೇಳ್ಬೇಕಿತ್ತು ನಾನು?"

ಅತ್ತೆ ನನ್ನ ಮುಖವನ್ನೇ ನೋಡಿದರು. ಆ ಪ್ರಶ್ನೆ ಅವರಿಗೆ ಹೊಳೆದೇ ಇರಲಿಲ್ಲ.